ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಕಪ್ಪೆ ಮಾತಾಡಬೇಕಾ?

ಹೊಳೆಬದಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎರಡು ಮಳೆಗಾಲ ಕೂತು ಕಪ್ಪೆಗಳ ಮೇಲೊಂದು ಸಣ್ಣ ಪುಸ್ತಕ ಬರೆದೆ. ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿಗೆ. ಎರಡು ಫಾರಂ, ಅಂದರೆ 32 ಪುಟ. ಅದರಲ್ಲಿ ನಡುವಿನ ಎಂಟು ಪುಟ ಕುಂಬಾರ ಕಪ್ಪೆಗೇ ಮೀಸಲು.

ಗೊತ್ತಿಲ್ಲದವರಿಗೆ: ಇದು ನಮ್ಮ ಕತ್ತಲೆಕಾನಿನಂಥ ಕಾಡಿನ ಹಳ್ಳಗಳಲ್ಲಿರುವ ರಾತ್ರಿ ಕಪ್ಪೆ. ಗುರುರಾಜ ಕೆ.ವಿ. ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದ ಎಂದು ವಿವರಿಸಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ಮಣ್ಣನ್ನು ಮುಂಗಾಲಲ್ಲಿ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೇ ಕುಂಬಾರ. ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ನಮ್ಮ ಕನ್ನಡದ ಪದ ಕೂತಿದೆ ಅಂತ ಹೇಳಿದ ದಿನ ಇಡೀ ಕ್ಲಾಸು ಅದನ್ನು ಹಾಡಿನ ಹಾಗೆ ಹೇಳಿಕೊಂಡು ಮನೆಗೆ ಹೋಯಿತು.

ಈಗ ತೊಂದರೆ ಏನೆಂದರೆ, ಪುಸ್ತಕ ಮಾಡಲು ಒಪ್ಪಿದವರ ಕಡೆಯ ಸಂಪಾದಕರು ಕರಡು ಓದಿ, "ಚೆನ್ನಾಗಿದೆ, ಆದರೆ ಪಾಠದ ಹಾಗಿದೆ. ಕಪ್ಪೆಯೇ ತನ್ನ ಕಥೆ ಹೇಳಲಿ. ಅದಕ್ಕೊಂದು ಹೆಸರಿಡಿ, ಕುಪ್ಪಣ್ಣ ಅಂತಲೋ ಏನೋ" ಎಂದಿದ್ದಾರೆ. ಕೂತು ನಾಲ್ಕು ಪುಟ ಹಾಗೆ ಬರೆದೆ. "ನಾನು ಕುಪ್ಪಣ್ಣ, ನನ್ನ ಮನೆ ಹಳ್ಳದ ಕಲ್ಲಿನ ಸಂದಿ" ಅಂತ ಶುರು. ಓದಲು ಸಲೀಸಾಗಿಯೇ ಇದೆ. ಆದರೂ ನನಗೆ ಏನೋ ಸರಿ ಬರುತ್ತಿಲ್ಲ, ಏನು ಅಂತ ಹೇಳಲೂ ಬರುತ್ತಿಲ್ಲ.

ಇನ್ನೊಂದು ವಿಷಯ. ಹಳೆಯ ಕರಡನ್ನು ಕ್ಲಾಸಲ್ಲಿ ಓದಿದ್ದೆ. ಅದರಲ್ಲಿ "ಮೊಟ್ಟೆ ಒಣಗದಿರಲಿ ಎಂದು ಅಪ್ಪ ಕಪ್ಪೆ ಪ್ರೀತಿಯಿಂದ ಮಣ್ಣು ಮೆತ್ತುತ್ತದೆ" ಅಂತ ಒಂದು ವಾಕ್ಯ. ಹಿಂದಿನ ಬೆಂಚಿನ ಒಬ್ಬ, "ಟೀಚರ್, ಪ್ರೀತಿ ಅಂತ ಹೆಂಗೆ ಗೊತ್ತಾತು?" ಅಂದ. ಆ ಪದ ಹೊಡೆದುಹಾಕಿದೆ. ಹೊಡೆದ ಮೇಲೆ ವಾಕ್ಯ ಸಪ್ಪೆಯಾಯಿತು.

ಕೊನೆಯದಾಗಿ 'ಉಭಯವಾಸಿ', 'ಪ್ರಭೇದ' ಇಂಥ ಪದಗಳನ್ನು ಏನು ಮಾಡುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.


ನಲಿಕಲಿ ಮಾಸ್ತರ:

ಟೀಚರ್ ಅವರಿಗೆ ಕೊಪ್ಪಳದಿಂದ ನಮಸ್ಕಾರ್ರಿ. ಕಪ್ಪಿ ಮಾತಾಡಬೇಕೋ ಬ್ಯಾಡೋ ಅನ್ನೋದು ದೊಡ್ಡವರು ಹೇಳ್ಲಿ. ನಾನು ಶಬ್ದದ ಬಗ್ಗೆ ಅಷ್ಟ ಹೇಳ್ತೀನಿ.

ನಲಿಕಲಿಯೊಳಗ (ಸರ್ಕಾರಿ ಸಾಲ್ಯಾಗ ಸಣ್ಣ ಹುಡುಗ್ರಿಗೆ ಆಟದ ಜೋಡಿ ಕಲಿಸೋ ಪದ್ಧತಿ) ಅಕ್ಷರ ಕಲಿಸೋದು ಅ ಆ ಇ ಈ ಇಂದ ಅಲ್ಲ, ರ ಗ ಸ ದ ಅ ಇಂದ. ಒತ್ತಕ್ಷರ ಬರೋದು ಬಹಳ ಕಡೀಗೆ. ನಾಕನೇತ್ತಕ್ಕ ಬಂದ ಹುಡುಗ 'ಕಪ್ಪೆ' ಸರಳ ಓದ್ತಾನ. 'ಪ್ರಭೇದ' ಬಂದ್ರ ಪ್ರ ಹತ್ರ ಒಮ್ಮೆ, ಭೇ ಹತ್ರ ಒಮ್ಮೆ, ಎರಡು ಸಲ ಎಡವ್ತಾನ. ಎಡವಿದ ಮ್ಯಾಲೆ ಅರ್ಥ ಎಲ್ಲಿಂದ ಬರಬೇಕ್ರಿ? ಹಂಗಂತ ಆ ಶಬ್ದ ತಗದು ಒಗೀಬ್ಯಾಡ್ರಿ. ಒಂದ ಪುಟದಾಗ ಅಂಥಾದ್ದು ಒಂದ ಇರಲಿ, ಮುಂದಿನ ಪುಟದಾಗ ಮತ್ತ ಅದ ಶಬ್ದ ಬರಲಿ. ಎರಡನೇ ಸಲ ಎಡವಂಗಿಲ್ಲ.

'ಉಭಯವಾಸಿ' ಬದಲಿ "ನೀರಾಗೂ ಇರತೈತಿ, ನೆಲದ ಮ್ಯಾಲೂ ಇರತೈತಿ" ಅಂದ್ರ ನಮ್ಮ ಹುಡುಗ್ರು "ಹಂಗಾರ ಎಮ್ಮಿ?" ಅಂತ ಕೇಳ್ತಾರ. ಖರೇ ಹೇಳ್ತೀನಿ, ಕೇಳ್ಯಾರ. ಹಿಂಗಾಗಿ ಶಬ್ದ ಸರಳ ಮಾಡಿದ ಕೂಡ್ಲೇ ವಿಷಯ ಸರಳ ಆಗಂಗಿಲ್ಲ, ಕೆಲವು ಸಲ ಕೆಟ್ಟ ಹೋಗ್ತೈತಿ.


ಇಂಬಳ:

ಟೀಚರೇ, ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಆದರೆ ಕುಪ್ಪಣ್ಣ ಅಂತ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನನ್ನದು ಸಾಗರದ ಹತ್ತಿರ ಅಡಿಕೆ ತೋಟ. ಕೊನೆ ಕೊಯ್ಲು ಮುಗಿದ ಮೇಲೆ ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಪುಸ್ತಕ ಬರೆಯುವುದು ಇಪ್ಪತ್ತು ವರ್ಷದ ಚಟ. ಆರು ಆಗಿವೆ. ಅದರಲ್ಲಿ ಎರಡನ್ನು ಯಾರಿಗೂ ತೋರಿಸುವುದಿಲ್ಲ.

ತೋರಿಸದ ಮೊದಲನೆಯದು ಮಂಗಟ್ಟೆ ಹಕ್ಕಿಯದ್ದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿಕೊಂಡು ಬಾಗಿಲು ಮುಚ್ಚಿಕೊಳ್ಳುತ್ತದಲ್ಲ, ಒಂದು ಸೀಳು ಬಿಟ್ಟು? ಗಂಡು ಆ ಸೀಳಿನಿಂದ ಹಣ್ಣು ಕೊಡುತ್ತದೆ. ನಾನು ಏನು ಬರೆದಿದ್ದೆ ಗೊತ್ತಾ? "ಪತಿಯನ್ನೇ ನಂಬಿ ಸೆರೆಯಾದ ಸಾಧ್ವಿ." ಅಚ್ಚಾಗಿದೆ ಮಾರಾಯ್ರೇ, ನನ್ನ ಹೆಸರಿನ ಕೆಳಗೆ. ಬಾಗಿಲು ಮೆತ್ತಿಕೊಳ್ಳಲು ಆ ಹಕ್ಕಿ ಬಳಸುವುದು ಬಹುಪಾಲು ತನ್ನದೇ ಹಿಕ್ಕೆ. ಅದು ನನಗೆ ಗೊತ್ತಿತ್ತು, ಆದರೆ ಮಕ್ಕಳ ಪುಸ್ತಕದಲ್ಲಿ ಹಿಕ್ಕೆ ಯಾಕೆ ಅಂತ ಬಿಟ್ಟೆ. ಅಂದರೆ ಕಣ್ಣಿಗೆ ಕಾಣುವುದನ್ನು ತೆಗೆದೆ, ಕಾಣದ್ದನ್ನು ಹಾಕಿದೆ. ಎಂಟು ವರ್ಷದ ಯಾವ ಮಗುವಾದರೂ ಸಾಧ್ವಿಯನ್ನು ಬಿಟ್ಟು ಹಿಕ್ಕೆಯನ್ನೇ ನೆನಪಿಟ್ಟುಕೊಳ್ಳುತ್ತಿತ್ತು.

ಎರಡನೆಯದು ಕಪ್ಪೆಯದ್ದೇ. ಬರಹ ಅಷ್ಟೇನೂ ಕೆಟ್ಟದಿರಲಿಲ್ಲ, ಚಿತ್ರ ಕೆಡಿಸಿತು. ಒಳಗಿನ ಚಿತ್ರ ಬರೆದವರು ಒಳ್ಳೆಯ ಕಲಾವಿದರು, ಪೇಟೆಯಲ್ಲಿ ಬೆಳೆದವರು. ಎಲ್ಲ ಕಪ್ಪೆಗೂ ಮುಂಗಾಲಿಗೆ ಐದೈದು ಬೆರಳು ಬರೆದುಬಿಟ್ಟರು, ನಮ್ಮ ಕೈಯ ಹಾಗೆ. ಕಪ್ಪೆಗೆ ಮುಂದೆ ನಾಲ್ಕು, ಹಿಂದೆ ಐದು. ನಾನೂ ಪ್ರೂಫ್ ನೋಡುವಾಗ ಕಾಗುಣಿತ ನೋಡಿದೆನೇ ಹೊರತು ಬೆರಳು ಎಣಿಸಲಿಲ್ಲ. ಮುಖಪುಟ ಅದಕ್ಕಿಂತ ಚಂದ: ಹಸಿರು ಮೈ, ಕೆಂಪು ಕಣ್ಣು, ಕಿತ್ತಳೆ ಪಾದದ ಕಪ್ಪೆ. ಮುದ್ರಣದವರು ಇಂಟರ್ನೆಟ್ಟಿನಿಂದ ಎತ್ತಿದ್ದು. ಅದು ಮಧ್ಯ ಅಮೆರಿಕದ ಮರಗಪ್ಪೆ. ನಮ್ಮೂರಿನ ಮಕ್ಕಳು ಆ ಮಳೆಗಾಲ ಪೂರ್ತಿ ಅದನ್ನು ನಮ್ಮ ಹಳ್ಳದಲ್ಲಿ ಹುಡುಕಿದವು. ಸಾವಿರ ಪ್ರತಿ. ನಾನು, ನನ್ನ ಹೆಂಡತಿ ಕೂತು ಬ್ಲೇಡಿನಲ್ಲಿ ಬೆರಳು ಕೆರೆಯಲು ನೋಡಿದೆವು. ಅರವತ್ತು ಪ್ರತಿ ಆಗುವಷ್ಟರಲ್ಲಿ ಅವಳು, "ಕಪ್ಪೆಗೆ ಬೆರಳಿಲ್ಲ ಅಂತಲೇ ಬರೆದುಬಿಡಿ" ಅಂದು ಎದ್ದಳು.

ಈಗ ನಿಮ್ಮ ಕುಪ್ಪಣ್ಣನ ವಿಷಯ.

ನಿಮಗೆ ಸರಿ ಬರುತ್ತಿಲ್ಲ ಅಂದಿರಲ್ಲ, ನನ್ನ ಪ್ರಕಾರ ಕಾರಣ ಇದು: ಕಪ್ಪೆ 'ನಾನು' ಅಂದ ಕೂಡಲೇ ಅದಕ್ಕೆ ಎಲ್ಲ ಗೊತ್ತಿರಬೇಕಾಗುತ್ತದೆ. ಮಣ್ಣು ಯಾಕೆ ಮೆತ್ತುತ್ತೀಯೋ ಕುಪ್ಪಣ್ಣ ಅಂದರೆ ಅವನು ಉತ್ತರ ಹೇಳಲೇಬೇಕು. ಮೊಟ್ಟೆ ಒಣಗದಿರಲಿಕ್ಕೆ ಇರಬಹುದು, ತಿನ್ನುವವರ ಕಣ್ಣಿಗೆ ಬೀಳದಿರಲಿಕ್ಕೆ ಇರಬಹುದು, ಎರಡೂ ಇರಬಹುದು. ಈ 'ಇರಬಹುದು' ಇದೆಯಲ್ಲ, ಅದು ಕುಪ್ಪಣ್ಣನ ಬಾಯಲ್ಲಿ ಬರುವುದಿಲ್ಲ. ತಾನು ಮಾಡುವ ಕೆಲಸಕ್ಕೆ ತಾನೇ "ಬಹುಶಃ ಇದಕ್ಕೆ ಇರಬಹುದು" ಅಂದರೆ ಮಕ್ಕಳು ಅವನನ್ನು ಪೆದ್ದ ಅಂದುಕೊಳ್ಳುತ್ತಾರೆ. ಹಾಗಾಗಿ ನೀವು 'ಇರಬಹುದು' ತೆಗೆದು 'ಅದಕ್ಕೇ' ಅಂತ ಬರೆಯುತ್ತೀರಿ. ವಿಜ್ಞಾನ ಅಲ್ಲಿಗೆ ಮುಗಿಯಿತು, ಉಳಿದದ್ದು ಬರೀ ಕಪ್ಪೆ.

ಎರಡನೆಯದು, ಕುಪ್ಪಣ್ಣ ಮಾತಾಡಿದರೆ ನೋಡಿದವರು ಮಾಯವಾಗುತ್ತಾರೆ. ಈ ಕಪ್ಪೆಯ ಬಗ್ಗೆ ನಮಗೆ ಗೊತ್ತಾದದ್ದು ಹೇಗೆ? ಯಾರೋ ಮಳೆಗಾಲದ ರಾತ್ರಿ ಹಳ್ಳದಲ್ಲಿ ಕೂತರು. ಕಾಲಿಗೆ ಇಂಬಳ ಹತ್ತಿಸಿಕೊಂಡು (ಇಂಬಳ ಅಂದರೆ ಕಾಡಿನ ಜಿಗಣೆ, ನನ್ನ ಹೆಸರು ಸುಮ್ಮನೆ ಇಟ್ಟುಕೊಂಡದ್ದಲ್ಲ), ಟಾರ್ಚು ಹಿಡಿದು, ಅಲುಗಾಡದೆ. ಮೊದಲ ರಾತ್ರಿ ಏನೂ ಕಾಣದಿದ್ದರೆ ಮತ್ತೊಂದು ರಾತ್ರಿ. ಇದಕ್ಕಿಂತ ದೊಡ್ಡ ಕಥೆ ಕುಪ್ಪಣ್ಣನ ಹತ್ತಿರ ಏನಿದೆ? ನಿಮ್ಮ ಸಂಪಾದಕರಿಗೆ ಒಂದು ಪಾತ್ರ ಬೇಕು, ಅಷ್ಟೇ ತಾನೇ? ಪಾತ್ರ ಕೊಡಿ. ಕಪ್ಪೆಯನ್ನಲ್ಲ, ಕಪ್ಪೆ ನೋಡುವವರನ್ನು.

ಆ ಹಿಂದಿನ ಬೆಂಚಿನ ಹುಡುಗನಿಗೂ ಉತ್ತರ ಇದರಲ್ಲೇ ಇದೆ. ನಾನು ಈಗ ಕರಡಿಗೆ ಎರಡು ಬಣ್ಣದ ಪೆನ್ನು ಇಟ್ಟುಕೊಂಡಿದ್ದೇನೆ. ನಾನೇ ನೋಡಿದ್ದಕ್ಕೆ ಕೆಂಪು ಗೆರೆ, ನಂಬುವಂಥ ಕಡೆ ಓದಿದ್ದಕ್ಕೆ ನೀಲಿ ಗೆರೆ. ಗೆರೆ ಬೀಳದ ಪದ ಉಳಿದರೆ ಹೊಡೆಯುತ್ತೇನೆ. 'ಪ್ರೀತಿಯಿಂದ' ಕೆಳಗೆ ಯಾವ ಗೆರೆಯೂ ಬೀಳುವುದಿಲ್ಲ. ಆದರೆ ಹೊಡೆದು ಸುಮ್ಮನಾದರೆ ನೀವು ಹೇಳಿದ ಹಾಗೆ ಸಪ್ಪೆಯೇ. ಆ ಜಾಗಕ್ಕೆ ಒಂದು ಕೆಲಸ ತುಂಬಬೇಕು. ಮಣ್ಣು ಎಲ್ಲಿಂದ ತೆಗೆಯಿತು, ಯಾವ ಕಾಲಲ್ಲಿ, ಮೊಟ್ಟೆ ಎಲ್ಲಿ ಅಂಟಿತ್ತು. ಗುಣವಾಚಕ ತೆಗೆದಲ್ಲಿ ಕ್ರಿಯಾಪದ ನೆಡಬೇಕು, ಅಡಿಕೆ ಮರ ಬಿದ್ದಲ್ಲಿ ಸಸಿ ಹಾಕಿದ ಹಾಗೆ.

ಇನ್ನು 'ಎಲ್ಲ' ಅನ್ನುವ ಪದದ ಬಗ್ಗೆ ಎಚ್ಚರ. ನಿಮ್ಮ ಪುಸ್ತಕದಲ್ಲಿ ಮೊಟ್ಟೆ, ಗೊದಮೊಟ್ಟೆ, ಬಾಲದ ಕಪ್ಪೆ, ಕಪ್ಪೆ ಅಂತ ಆ ಗೋಲ ಚಿತ್ರ ಇದ್ದೇ ಇರುತ್ತದೆ, ಪಂದ್ಯ ಕಟ್ಟುತ್ತೇನೆ. ನಮ್ಮ ತೋಟದ ಏಲಕ್ಕಿ ಹಿಂಡಲಿನಲ್ಲಿ ಮಳೆಗಾಲದ ಸಂಜೆ ಟಿಕ್ ಟಿಕ್ ಅನ್ನುವ ಹೆಬ್ಬೆರಳಿನಷ್ಟೂ ಇಲ್ಲದ ಪೊದೆಗಪ್ಪೆಗಳಿವೆಯಲ್ಲ, ಅವುಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಎಲ್ಲ ಮುಗಿಸಿ ನೇರವಾಗಿ ಪುಟ್ಟ ಕಪ್ಪೆಯಾಗಿ ಹೊರಗೆ ಬರುತ್ತವೆ. ಕೆರೆಯೂ ಬೇಡ, ಹಳ್ಳವೂ ಬೇಡ. ಇಂಥ ಬಹಳಷ್ಟು ಪೊದೆಗಪ್ಪೆಗಳ ಕುಲಕ್ಕೆ ಈಗ ರಾವೊರ್ಕೆಸ್ಟಿಸ್ ಅಂತ ಹೆಸರು. ಅದರಲ್ಲಿರುವ 'ರಾವ್' ಯಾರು ಅಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಸಿ.ಆರ್. ನಾರಾಯಣ ರಾವ್. 1930ರ ದಶಕದಲ್ಲೇ ಪಶ್ಚಿಮ ಘಟ್ಟದ ಕಪ್ಪೆಗಳನ್ನು ಒಂದೊಂದಾಗಿ ವಿವರಿಸಿದವರು. ಇದು ಮಕ್ಕಳಿಗೆ ಬೇಕಾ ಅಂತ ಕೇಳಬೇಡಿ. ಮೇಷ್ಟ್ರ ಹೆಸರು ಕಪ್ಪೆಗೆ ಬರುತ್ತದೆ ಅಂದರೆ ಯಾವ ಮಗು ಬೇಡ ಅನ್ನುತ್ತದೆ?

ಆ ಗೋಲ ಚಿತ್ರ ತೆಗೆಯಬೇಡಿ, ಕೆಳಗೆ "ಕೆರೆಯ ಗೋಂಕರು ಕಪ್ಪೆ ಹೀಗೆ" ಅಂತ ಯಾವ ಕಪ್ಪೆಯದು ಎಂದು ಬರೆಯಿರಿ. ಪಕ್ಕದ ಪುಟದಲ್ಲಿ "ಪೊದೆಗಪ್ಪೆ ಹಾಗಲ್ಲ" ಅಂತ ಇನ್ನೊಂದು. 'ಸಾಮಾನ್ಯವಾಗಿ', 'ಬಹುತೇಕ' ಅಂತ ಸೇರಿಸಿ ತಪ್ಪಿಸಿಕೊಳ್ಳುವುದು ದೊಡ್ಡವರ ಬುದ್ಧಿ. ಮಕ್ಕಳು ಆ ಪದಗಳನ್ನು ಹಾರಿಸಿ ಓದುತ್ತಾರೆ.

ಪದಗಳ ವಿಷಯದಲ್ಲಿ ಕೊಪ್ಪಳದ ಮೇಷ್ಟ್ರು ಹೇಳಿದ್ದೇ ಸರಿ, ನನ್ನದು ಒಂದೇ ಸೇರ್ಪಡೆ. ಊರ ಹೆಸರನ್ನು ಒಂದು ಸಲ ಯಾರ ಹತ್ತಿರವಾದರೂ ಕೇಳಿ ನೋಡಿ. ನಾನು ಒಂದು ಪುಸ್ತಕದಲ್ಲಿ 'ಜೀರುಂಡೆ' ಅಂತ ಬರೆದೆ. ನಮಗೆ ಅದು ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿವಿ ಕಿತ್ತುಹೋಗುವ ಹಾಗೆ ಕೂಗುವ ಹುಳ. ಬಯಲುಸೀಮೆಯ ಒಬ್ಬ ಓದುಗರು ಅದು ಗಟ್ಟಿ ಬೆನ್ನಿನ ಸಗಣಿ ಹುಳದ ಜಾತಿಯದ್ದು ಅಂದುಕೊಂಡು, "ಇದು ಯಾವಾಗ ಕೂಗಲು ಶುರು ಮಾಡಿತು?" ಅಂತ ಕಾಗದ ಬರೆದಿದ್ದರು. ಅವರ ಕಡೆ ಅದೇ ಪದ, ಹುಳ ಮಾತ್ರ ಬೇರೆ.


ಇಬ್ಬರು ಮಕ್ಕಳ ತಾಯಿ:

ಇಂಬಳ ಅವರ ಮಾತು ಓದಲು ಚೆನ್ನಾಗಿದೆ. ಆದರೆ ನನಗೆ ಒಪ್ಪಿಗೆಯಿಲ್ಲ. ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ. ನನ್ನ ಐದು ವರ್ಷದ ಮಗಳು ನಿಜವಾದ ಕಪ್ಪೆ ನೋಡಿದ್ದು ಒಂದೇ ಸಲ, ಅದೂ ಬೇಸ್‌ಮೆಂಟಿನ ಚರಂಡಿ ಜಾಲರಿಯಲ್ಲಿ, ಕಿರುಚಿಕೊಂಡು ಓಡಿಬಂದಳು. ಅವಳಿಗೆ ಕಪ್ಪೆ ಹತ್ತಿರವಾಗಬೇಕಾದರೆ ಅದು ಮಾತಾಡಬೇಕು. ನಮ್ಮಜ್ಜಿ ಹೇಳಿದ ಕಥೆಗಳಲ್ಲಿ ನರಿ, ಮೊಸಳೆ, ಕೋತಿ ಎಲ್ಲ ಮಾತಾಡಿವೆ, ಅದರಿಂದ ನಾವ್ಯಾರೂ ಹಾಳಾಗಲಿಲ್ಲವಲ್ಲ? ಟಾರ್ಚ್ ಹಿಡಿದು ಕೂತ ವಿಜ್ಞಾನಿ ಹತ್ತು ವರ್ಷದವರಿಗೆ ಸರಿ. ಐದು ವರ್ಷಕ್ಕೆ ವಿಜ್ಞಾನಿ ಅಂದರೆ ಯಾರು?

ಒಂದು ಸಲಹೆ ಬೇಕಾದರೆ: ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಪುಸ್ತಕಗಳನ್ನು ನಾಲ್ಕು ಓದಿನ ಹಂತಗಳಾಗಿ ವಿಂಗಡಿಸಿದ್ದಾರೆ, ಉಚಿತವಾಗಿ ಓದಬಹುದು. ಪ್ರಾಣಿಗಳ ಬಗ್ಗೆ ಇರುವುದನ್ನು ಹಂತ ಹಂತವಾಗಿ ತೆಗೆದು, ಒಂದೊಂದು ಪುಟಕ್ಕೆ ಎಷ್ಟು ಪದ ಇದೆ ಅಂತ ಸುಮ್ಮನೆ ಎಣಿಸಿ. ನಾನು ಅನುವಾದಕ್ಕೆ ಕೂತಾಗ ಹಾಗೇ ಕಲಿತದ್ದು. ಟೀಚರ್, ನಿಮ್ಮ 32 ಪುಟದಲ್ಲಿ ಎಷ್ಟು ಪದ ಇವೆ?


ಇಂಬಳ:

ತಾಯಿ, ನೀವು ಐದು ವರ್ಷದ ಮಗುವಿನ ಬಗ್ಗೆ ಹೇಳುತ್ತಿದ್ದೀರಿ, ಟೀಚರ್ ಬರೆದದ್ದು ಒಂಬತ್ತು ಹತ್ತು ವರ್ಷದವರಿಗೆ. ಅಲ್ಲಿಗೆ ನಮ್ಮ ಜಗಳ ಅರ್ಧ ಮುಗಿಯಿತು. ಅಜ್ಜಿಯ ಕಥೆಯ ನರಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ನರಿಯ ಬಗ್ಗೆ ಹೇಳಿದ ಕಥೆಯೇ ಅಲ್ಲ, ನಮ್ಮ ಬಗ್ಗೆ ಹೇಳಿದ್ದು, ಕೇಳುವ ಮಗುವಿಗೂ ಅದು ಗೊತ್ತು. ಮುಖಪುಟದ ಮೇಲೆ 'ವಿಜ್ಞಾನ' ಅಂತ ಅಚ್ಚು ಹಾಕಿ ಒಳಗೆ ಕುಪ್ಪಣ್ಣನನ್ನು ಕೂರಿಸಿದರೆ ಯಾವುದು ಯಾವುದು ಅಂತ ಮಗುವಿಗೆ ಹೇಗೆ ತಿಳಿಯಬೇಕು?

ಕಪ್ಪೆ ಮಾತಾಡಲೇಬೇಕು ಅಂದರೆ ಅದರ ಭಾಷೆಯಲ್ಲೇ ಮಾತಾಡಿಸಿ. ಇಡೀ ಒಂದು ಪುಟ ಬರೀ ಕೂಗು. ಗೋಂಕರು ಕಪ್ಪೆ, ಪೊದೆಗಪ್ಪೆ, ನೆಲಗಪ್ಪೆ, ಯಾವುದು ಹೇಗೆ ಕೂಗುತ್ತದೆ ಅಂತ ಮಕ್ಕಳ ಬಾಯಿಂದಲೇ ಹೇಳಿಸಿ, ಅವರು ಹೇಳಿದ ಹಾಗೇ ಬರೆಯಿರಿ. ಒತ್ತಕ್ಷರದ ಚಿಂತೆ ಬೇಡ. 'ಟ್ರ್ರ್ರ್' ಓದಲು ಯಾವ ಮಗುವೂ ಎಡವುವುದಿಲ್ಲ.

ನಿಮ್ಮ ಮಗಳಿಗೆ ಒಂದು ಹೇಳಿ ನೋಡಿ: ಕಪ್ಪೆ ನುಂಗುವಾಗ ಕಣ್ಣು ಒಳಗೆ ಹೋಗುತ್ತದೆ. ಗುಡ್ಡೆಗಳು ಕೆಳಗಿಳಿದು ತುತ್ತನ್ನು ಗಂಟಲಿಗೆ ತಳ್ಳುವುದಕ್ಕೆ ನೆರವಾಗುತ್ತವೆ. ನೀರನ್ನಂತೂ ಅದು ಬಾಯಿಂದ ಕುಡಿಯುವುದೇ ಇಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ, ಮುಖ್ಯವಾಗಿ ಹೊಟ್ಟೆಯಡಿಯ, ತೊಡೆಯ ಹತ್ತಿರದ ಚರ್ಮದಿಂದ. ಮುಂದಿನ ಸಲ ಚರಂಡಿ ಜಾಲರಿಯ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾಳೆ ತಿಳಿಸಿ.


ಮುರಕಲ್ಲು:

ಮಣಿಪಾಲದವನು. ಒಂದೇ ಮಾತು. 2016ರಲ್ಲಿ ನಮ್ಮ ಇಲ್ಲಿನ ಮುರಕಲ್ಲಿನ ಬಯಲಲ್ಲಿ ಸಿಕ್ಕ ಪುಟಾಣಿ ಕಪ್ಪೆಗೆ ಮೈಕ್ರೊಹೈಲಾ ಲ್ಯಾಟರೈಟ್ ಅಂತ ಹೆಸರಾಯಿತು (ಲ್ಯಾಟರೈಟ್ ಅಂದರೆ ಮುರಕಲ್ಲೇ). ಉದ್ದ ಎರಡು ಸೆಂಟಿಮೀಟರೂ ಇಲ್ಲ. ಯಾರೂ ಕಾಡಿಗೆ ಹೋಗಲಿಲ್ಲ, ಜನ ಕಸ ಎಸೆಯುವ, ಕಲ್ಲು ಕೊಯ್ಯುವ ಜಾಗ ಅದು. ಪೇಟೆಯ ಮಕ್ಕಳಿಗೆ ಕತ್ತಲೆಕಾನು ದೂರ ಅನ್ನುವವರಿಗೆ ಇದನ್ನು ತೋರಿಸಿ. ಮತ್ತೆ 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಸರ್ಪವನ್ನು ಬೇರೆ ಪ್ರಭೇದ ಮಾಡಿದಾಗ ಅದಕ್ಕೂ 'ಕಾಳಿಂಗ' ಅಂತಲೇ ವೈಜ್ಞಾನಿಕ ಹೆಸರು ಕೊಟ್ಟರು. ಟೀಚರ್, ಕುಂಬಾರನ ಪಕ್ಕ ಅದಕ್ಕೊಂದು ಸಾಲು ಕೊಡಿ.

ಇನ್ನೊಂದು, ನೆಲಗಪ್ಪೆ ಮುಟ್ಟಿದರೆ ನರಹುಲಿ ಏಳುತ್ತದೆ ಅನ್ನುವುದನ್ನು ಸುಳ್ಳು ಅಂತ ಬರೆಯುವಾಗ (ನರಹುಲಿ ಬರುವುದು ವೈರಸ್ಸಿನಿಂದ), "ಹಾಗಾದರೆ ಹಿಡಿಯಬಹುದು" ಅಂತ ಅರ್ಥ ಬಾರದ ಹಾಗೆ ನೋಡಿಕೊಳ್ಳಿ. ಅದರ ಕಣ್ಣಿನ ಹಿಂದಿನ ಉಬ್ಬುಗಳಲ್ಲಿ ವಿಷ ಇರುತ್ತದೆ. ಮುಟ್ಟಿದ ಕೈಯನ್ನು ಕಣ್ಣಿಗೋ ಬಾಯಿಗೋ ಹಾಕಿದರೆ ಉರಿ. ನನ್ನ ತಮ್ಮ ಇಂಥ ಒಂದು ಪುಸ್ತಕ ಓದಿ ಧೈರ್ಯ ಬಂದವನೇ, ಮಾರನೇ ದಿನ ಜೇಬಲ್ಲಿ ಹಾಕಿಕೊಂಡು ಬಂದಿದ್ದ.


ಹೊಳೆಬದಿ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಪದ ಎಣಿಸಿದೆ: 4,100. ಎಣಿಸಿ ನಾನೇ ಬೆಚ್ಚಿದೆ. ಈಗ 2,300ಕ್ಕೆ ಇಳಿಸಿದ್ದೇನೆ. ಕೆಂಪು ನೀಲಿ ಗೆರೆ ಎಳೆದರೆ ಎಷ್ಟು ಉದುರುತ್ತದೆ ಅಂತ ನಂಬಲಾಗಲಿಲ್ಲ. "ಪ್ರಕೃತಿಯ ಅದ್ಭುತ ಸೃಷ್ಟಿ" ಒಂದೇ ಐದು ಕಡೆ ಇತ್ತು. ಗೋಲ ಚಿತ್ರವೂ ಇತ್ತು, ಇಂಬಳ ಅವರು ಪಂದ್ಯ ಗೆದ್ದರು.

ಸಂಪಾದಕರಿಗೆ ಫೋನ್ ಮಾಡಿದೆ. ಕುಪ್ಪಣ್ಣ ಬೇಡ ಅಂದದ್ದಕ್ಕೆ ಮೊದಲು ಬೇಸರಪಟ್ಟರು. ಆಮೇಲೆ ಹೊಸ 13ನೇ ಪುಟ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಪುಟ ಕಳಿಸಿ" ಅಂದರು. ಒಪ್ಪಿಗೆಯೋ ಅಲ್ಲವೋ ಇನ್ನೂ ಗೊತ್ತಿಲ್ಲ. ಆ ಪುಟ ಇದು, ಸರಿಯಿಲ್ಲದಿದ್ದರೆ ಬೈಯಿರಿ:

"ರಾತ್ರಿ. ಮಳೆ ಈಗಷ್ಟೇ ನಿಂತಿದೆ. ಹಳ್ಳದ ಬದಿಯಲ್ಲಿ ಟಾರ್ಚು ಹಿಡಿದು ಕೂತಿದ್ದೇವೆ. ಕಾಲಿಗೆ ಇಂಬಳ ಹತ್ತಿದೆ. ಕೀಳಲು ಬಗ್ಗಿದರೆ ಕಪ್ಪೆ ಹೆದರುತ್ತದೆ, ಹಾಗಾಗಿ ಕೀಳುವುದಿಲ್ಲ. ಅಲ್ಲಿ ನೋಡು, ನೀರಿನ ಮೇಲೆ ಬಾಗಿದ ಕಡ್ಡಿ. ಅದಕ್ಕೆ ಮೊಟ್ಟೆ ಅಂಟಿವೆ. ಗಂಡು ಕಪ್ಪೆ ಕೆಳಗೆ ಕೈ ಹಾಕಿತು. ಮಣ್ಣು ತೆಗೆಯಿತು. ಮೊಟ್ಟೆಯ ಮೇಲೆ ಒರೆಸಿತು. ಮತ್ತೆ ಮಣ್ಣು. ಮತ್ತೆ ಒರೆಸಿತು. ಯಾಕೆ? ಮೊಟ್ಟೆ ಒಣಗದ ಹಾಗೆ ಇರಬಹುದು. ಯಾರೂ ತಿನ್ನದ ಹಾಗೆ ಇರಬಹುದು. ನಿನಗೆ ಏನನ್ನಿಸುತ್ತದೆ? ಅದನ್ನು ತಿಳಿಯಲು ಏನು ಮಾಡಿ ನೋಡಬೇಕು?"

ಕ್ಲಾಸಲ್ಲಿ ಓದಿದೆ. ಹಿಂದಿನ ಬೆಂಚಿನವನು ಈ ಸಲ ಪ್ರೀತಿಯ ವಿಷಯ ಎತ್ತಲಿಲ್ಲ. "ಕೈ ಅಂತ ಬರೆದೀರಿ ಟೀಚರ್, ಮುಂಗಾಲು ಅಲ್ವಾ?" ಅಂದ. ತಿದ್ದಿದ್ದೇನೆ. ಚಿತ್ರ ಬರೆಯುವವರಿಗೂ ಆ ಪುಟದ ಅಂಚಿನಲ್ಲಿ ಕೆಂಪು ಪೆನ್ನಲ್ಲಿ ಬರೆದು ಕಳಿಸಿದೆ: ಮುಂದೆ ನಾಲ್ಕು, ಹಿಂದೆ ಐದು, ದಯವಿಟ್ಟು ಎಣಿಸಿ.